ಪೀಣ್ಯದಲ್ಲಿ ನಿಂತಿದ್ದ ವಿಮಾನ

ನಾನು ವಿಮಾನ ಹತ್ತಿದ್ದೇನೆ ಎಂದು ಸುಳ್ಳು ಹೇಳಿದ್ದು ಇಂಟರ್‌ವ್ಯೂ ಮುಗಿದ ಮೇಲೆ. ಅದು ನಡೆಯುವಾಗ ಹೇಳಿದ್ದರೆ ಕೆಲಸದ ಆಸೆಗೆ ಹೇಳಿದೆ ಎನ್ನಬಹುದಿತ್ತು. ಕೆಲಸ ಆಗಲೇ ಸಿಕ್ಕಿತ್ತು: ಪೀಣ್ಯದ ಒಂದು ಶೆಡ್ಡಿನಲ್ಲಿ ಡ್ರಾಯಿಂಗ್ ಬರೆಯುವುದು, ತಯಾರಾದ ಮಾಲು ಅಳತೆಗೆ ಸರಿಯಿದೆಯೇ ನೋಡುವುದು. ಮಾಲೀಕರು ಕಾಗದಗಳನ್ನು ಮಡಿಸಿಟ್ಟು, ಕಾಫಿ ತರಿಸಿ, ಸುಮ್ಮನೆ ಮಾತಿಗೆ ಕೇಳಿದರು: "ಯಾವತ್ತಾದ್ರೂ ವಿಮಾನ ಹತ್ತಿದ್ದೀಯೇನಮ್ಮ?"

ಆಗ ಸರಿಯಾಗಿ ಶೆಡ್ಡಿನ ಮೇಲೊಂದು ವಿಮಾನ ಹಾದುಹೋಯಿತು ಎಂದು ನೆನಪು. ಈ ನೆನಪನ್ನು ನಾನು ನಂಬುವುದಿಲ್ಲ. ತೀರಾ ಅಚ್ಚುಕಟ್ಟಾಗಿದೆ. ಹೋಗಿರಲಿಕ್ಕಿಲ್ಲ. ಆದರೆ ನಾನು "ಒಂದ್ಸಲ ಸಾರ್, ಬಾಂಬೆಗೆ" ಅಂದದ್ದು ನಿಜ. ಯಾಕೆ ಅಂದೆ ಎಂದು ನಲವತ್ತು ವರ್ಷದಿಂದ ಯೋಚಿಸಿದ್ದೇನೆ. ಕಾಫಿ ಚೆನ್ನಾಗಿತ್ತು, ಅಷ್ಟೆ. ವಿಮಾನವನ್ನು ನಾನು ನೋಡಿದ್ದು ಕೆಳಗಿನಿಂದ ಮಾತ್ರ. ಅದರ ಹೊಟ್ಟೆ ನನಗೆ ಚೆನ್ನಾಗಿ ಗೊತ್ತಿತ್ತು.

ಮಾಲೀಕರು ಒಳ್ಳೆಯವರು, ಆದರೆ ಅವರಿಗೊಂದು ನಿಯಮವಿತ್ತು. "ತಪ್ಪು ಮಾಡು, ತಿದ್ದೋಣ. ಸುಳ್ಳು ಹೇಳಿದ್ರೆ, ಗೇಟು ಅಲ್ಲಿದೆ." ನಾನು ಸೇರುವ ಮುಂಚೆ ಸ್ಟೋರ್ ನೋಡಿಕೊಳ್ಳುತ್ತಿದ್ದವನು ಜ್ವರ ಎಂದು ರಜೆ ಹಾಕಿ ಮ್ಯಾಟಿನಿ ಷೋಗೆ ಹೋಗಿದ್ದ. ಅದೇ ಷೋನಲ್ಲಿ ಎರಡು ಸಾಲು ಹಿಂದೆ ಮಾಲೀಕರೂ ಕೂತಿದ್ದರು. ಇಂಟರ್‌ವೆಲ್ಲಿನಲ್ಲೇ ಅವನ ಕೆಲಸ ಹೋಯಿತು.

ನನಗೆ ಆರು ತಿಂಗಳ ಪ್ರೊಬೇಷನ್. ಮನೆಯಲ್ಲಿ ಅಪ್ಪನ ಜೊತೆ ಒಪ್ಪಂದವಾಗಿತ್ತು. ಕೆಲಸ ಖಾಯಂ ಆದರೆ ಮದುವೆಯ ಮಾತು ಎರಡು ವರ್ಷ ಎತ್ತುವುದಿಲ್ಲ. ಆಗದಿದ್ದರೆ, ಆಗಲೇ ಒಂದು ಸಲ ಬಂದು ಉಪ್ಪಿಟ್ಟು ತಿಂದು ಹೋಗಿದ್ದ ಗಂಡಿನ ಕಡೆಯವರಿಗೆ ಹೂಂ ಅನ್ನಬೇಕು. ಗಂಡು ಕೆಟ್ಟವನೇನಲ್ಲ. ಆದರೆ ಬಂದಿದ್ದ ಒಂದೂವರೆ ಗಂಟೆಯಲ್ಲಿ ಅವನಾಡಿದ ಒಂದೇ ಮಾತು "ಉಪ್ಪು ಸ್ವಲ್ಪ ಮುಂದು" ಎಂಬುದು.

ಐದನೇ ತಿಂಗಳಲ್ಲಿ ಸರ್ಕಾರದ ಆದೇಶ ಬಂತು. ದೂರದ ಯಾವುದೋ ದೇಶಗಳಲ್ಲಿ ಸೊಳ್ಳೆಯಿಂದ ಹರಡುವ ಜ್ವರ ಎದ್ದಿತ್ತು. ಹಳದಿ ಜ್ವರ ಎಂದು ಮಾಲೀಕರು ಹೇಳುತ್ತಿದ್ದರು. ಆ ಕಡೆಯಿಂದ ಬರುವ ಎಲ್ಲ ವಿಮಾನಗಳ ಒಳಗೂ, ಬಾಗಿಲು ತೆರೆಯುವ ಮುಂಚೆ, ಪ್ರಯಾಣಿಕರು ಕೂತಿರುವಾಗಲೇ ಸೊಳ್ಳೆ ಔಷಧಿ ಸಿಂಪಡಿಸಬೇಕು. ವಿಮಾನ ಕಂಪನಿಯವರು ಖಾಲಿಯಾದ ಡಬ್ಬಿಗಳನ್ನು ಆರೋಗ್ಯಾಧಿಕಾರಿಗೆ ತೋರಿಸಬೇಕು. ತೋರಿಸದೆ ಯಾರೂ ಕೆಳಗಿಳಿಯುವಂತಿಲ್ಲ. ಸೊಳ್ಳೆಗಂತೂ ಇಳಿಯುವ ಪ್ರಶ್ನೆಯೇ ಇಲ್ಲ.

ನಮ್ಮ ಶೆಡ್ಡಿನಲ್ಲಿ ತಯಾರಾಗುತ್ತಿದ್ದದ್ದು ತೋಟಕ್ಕೆ ಔಷಧಿ ಹೊಡೆಯುವ ಪಂಪಿನ ಮೂತಿ. ಹಿತ್ತಾಳೆಯದು, ಹೆಬ್ಬೆರಳಿನಷ್ಟು. ಮಾಲೀಕರು ಆದೇಶ ಓದಿ ಆ ರಾತ್ರಿ ಮಲಗಲಿಲ್ಲವಂತೆ. ಡಬ್ಬಿ ಬೇರೆಯವರದು, ಔಷಧಿ ಬೇರೆಯವರದು, ಆದರೆ ಮೂತಿ ನಮ್ಮದೇ ಯಾಕಾಗಬಾರದು? ಅರ್ಜಿ ಹೋಯಿತು. ಉತ್ತರವೂ ಬಂತು. ವಿಮಾನದ ಒಳಭಾಗವನ್ನು ಹೋಲುವ ಮುಚ್ಚಿದ ಜಾಗದಲ್ಲಿ, ಕೂತಿರುವ ಜನರ ನಡುವೆ, ಜೀವಂತ ಸೊಳ್ಳೆಗಳ ಮೇಲೆ ಅಧಿಕಾರಿಯ ಎದುರು ಪರೀಕ್ಷೆ ಮಾಡಿ ತೋರಿಸಬೇಕು.

ಮುಚ್ಚಿದ ಜಾಗ ಎಂದರೆ ನಮ್ಮಲ್ಲಿದ್ದದ್ದು ಕೆಲಸಗಾರರನ್ನು ಕರೆತರುವ ಬಸ್ಸು. ನೀಲಿ ಬಸ್ಸು. ಹಸಿರು ಬಣ್ಣದ್ದೂ ಒಂದು ನನ್ನ ತಲೆಯಲ್ಲಿದೆ, ಆದರೆ ಅದು ಬೇರೆ ಯಾವುದೋ ವರ್ಷದ್ದಿರಬೇಕು. ಮಾಲೀಕರು ಎಲ್ಲರನ್ನೂ ಬಸ್ಸಿನ ಮುಂದೆ ಸೇರಿಸಿ, ನನ್ನ ಕಡೆ ಕೈ ತೋರಿಸಿದರು.

"ವಿಮಾನದ ಒಳಗೆ ಕಾಲಿಟ್ಟಿರೋರು ನಮ್ಮಲ್ಲಿ ಇವಳೊಬ್ಬಳೇ. ಇವಳು ಹೇಳಿದ ಹಾಗೆ ಮಾಡಿ."

ಬಾಯಿ ಬಿಡಬೇಕಾಗಿದ್ದದ್ದು ಆಗಲೇ. ನಾನು ಡ್ರಾಯಿಂಗ್ ಹಲಗೆ ತರಲು ಹೋದೆ.

ಬಸ್ಸಿನ ಡ್ರೈವರ್ ಚಿಕ್ಕಬಾಣಾವರದವರು, ಐವತ್ತು ದಾಟಿದವರು. ಆ ಬಸ್ಸನ್ನು ಸ್ವಂತ ಎತ್ತಿನಂತೆ ಸಾಕಿದ್ದರು. ಅದಕ್ಕೆ ಏನು ಮಾಡಿದರೂ ಅವರಿಗೆ ಕಾರಣ ಹೇಳಬೇಕಿತ್ತು. ಹಾಗಾಗಿ ಸುಳ್ಳುಗಳು ಬೇಗ ಬೇಗ ಬೇಕಾದವು.

"ಮೇಡಂ, ಸೀಟು ಈ ಕಡೆ ಎಷ್ಟು, ಆ ಕಡೆ ಎಷ್ಟು?"

"ಈ ಕಡೆ ಮೂರು, ಆ ಕಡೆ ಎರಡು." ನಮ್ಮ ಬಸ್ಸಿನಲ್ಲಿ ಇದ್ದದ್ದೇ ಹಾಗೆ.

"ಓ, ನಮ್ದರ ಥರಾನೇ. ಕಿಟಕಿ ತೆಗೀತಾರಾ?"

"ಮೇಲೆ ಹೋದ್ಮೇಲೆ ತೆಗಿಯೋ ಹಾಗಿಲ್ಲ."

"ಕೆಳಗಿದ್ದಾಗ?"

"ಅದು... ಪೈಲಟ್‌ನ ಕೇಳ್ಬೇಕು."

"ನಿಂತ್ಕೊಂಡ್ ಹೋಗ್ತಾರಾ?"

"ತುಂಬಾ ರಷ್ ಇದ್ರೆ ಮಾತ್ರ."

ಅವರು ತಲೆಯಾಡಿಸಿದರು. ಪ್ರಪಂಚ ಎಲ್ಲ ಕಡೆಯೂ ಒಂದೇ ಎಂಬ ಸಮಾಧಾನ ಅವರ ಮುಖದಲ್ಲಿತ್ತು. ನಾನು ಎಲ್ಲ ಕಿಟಕಿಗೂ ಬ್ರೌನ್ ಪೇಪರ್ ಅಂಟಿಸಿದೆ, ಸಂದುಗಳಿಗೆ ಹಿಟ್ಟಿನ ಗೋಂದು ಹಚ್ಚಿಸಿದೆ. ಪೇಪರಿನ ಮೇಲೆ ಸೀಮೆಸುಣ್ಣದಲ್ಲಿ ಮೊಟ್ಟೆಯಾಕಾರದ ಕಿಟಕಿಗಳನ್ನು ಬರೆದೆ. ಡ್ರೈವರ್ ಸೀಟಿನ ಹಿಂದೆ ಹಳೇ ಸೀರೆಯದೊಂದು ಪರದೆ ಕಟ್ಟಿಸಿದೆ. ಅದಕ್ಕೆ ಅವರು ಬೇಜಾರಾದರು. "ನಾನೇನು ಬಾಣಂತಿನಾ?" ಬೀಡಿ ಸೇದುವವರಿಗೆ ಕೊನೆಯ ಸಾಲು ಎಂದೂ ಡ್ರಾಯಿಂಗಿನಲ್ಲಿ ಬರೆದಿದ್ದೆ. ಅಂದಿನ ವಿಮಾನಗಳಲ್ಲಿ ಸೇದುವವರನ್ನು ನಿಜಕ್ಕೂ ಹಿಂದೆ ಕೂರಿಸುತ್ತಿದ್ದರು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಸರಿಯಾಗಿ ಹೇಳಬೇಕೆಂದು ಹೊರಟಿದ್ದರೆ ಅದೂ ತಪ್ಪಾಗುತ್ತಿತ್ತು.

ಔಷಧಿ ಸಿಂಪಡಿಸುವ ಗಗನಸಖಿಯಾಗಿ ಪ್ಯಾಕಿಂಗ್ ಸೆಕ್ಷನ್ನಿನ ಅಕ್ಕನನ್ನು ಆರಿಸಿದರು. ಎತ್ತರದ ಆಳು, ಗಟ್ಟಿ ಕೈ. ಎರಡು ಕೈಯಲ್ಲಿ ಎರಡು ಡಬ್ಬಿ ಹಿಡಿದು, ಮೇಲೆತ್ತಿ, ಸೀಟುಗಳ ನಡುವೆ ನಿಧಾನವಾಗಿ ನಡೆಯಬೇಕು ಎಂದು ಆದೇಶದಲ್ಲೇ ಇತ್ತು.

"ಹೆಂಗೆ ನಡೀತಾರೆ ಅಂತ ತೋರ್ಸಿ," ಅಂದಳು ಅಕ್ಕ.

ಗಗನಸಖಿಯರು ಹೇಗೆ ನಡೆಯುತ್ತಾರೋ ನಾನು ಕಾಣೆ. "ಆರತಿ ತಟ್ಟೆ ಹಿಡ್ಕೊಂಡ್ರೆ ಹೆಂಗೆ ನಡೀತೀಯಾ? ಹಾಗೇ," ಅಂದೆ.

ಇದರ ಫಲ ರಿಹರ್ಸಲ್ಲಿನಲ್ಲಿ ಕಂಡಿತು. ಡಬ್ಬಿಗಳಲ್ಲಿ ಬರೀ ನೀರು ತುಂಬಿದ್ದೆವು. ಸೀಟುಗಳಲ್ಲಿ ನಮ್ಮವರೇ ಕೂತಿದ್ದರು. ಅಕ್ಕ ಕಣ್ಣು ಅರ್ಧ ಮುಚ್ಚಿ, ತುಟಿಯಲ್ಲೇ ಏನೋ ಗುನುಗುತ್ತಾ, ಡಬ್ಬಿ ಎತ್ತಿ ಹಿಡಿದು ಬಂದಳು. ಮೊದಲ ಸಾಲಿನವರು ತಮಗೆ ತಿಳಿಯದಂತೆಯೇ ಕೈ ಚಾಚಿ, ಆ ತುಂತುರನ್ನು ಕಣ್ಣಿಗೆ ಒತ್ತಿಕೊಂಡರು. ಎರಡನೇ ಸಾಲೂ ಹಾಗೇ ಮಾಡಿತು. ಕೊನೆಯ ಸಾಲಿನ ಬೀಡಿಯವರಂತೂ ಎದ್ದು ನಿಂತರು.

"ಒತ್ಕೊಬೇಡ್ರೋ, ನಾಳೆ ಅದರಲ್ಲಿ ವಿಷ ಇರ್ತದೆ!" ಎಂದು ಮಾಲೀಕರು ಕೂಗಿದರು.

ಕೂತವರಲ್ಲಿ ಒಬ್ಬರು ನಮ್ಮ ಕೆಲಸದವರಲ್ಲ. ನಮ್ಮ ಶೆಡ್ಡು ನಿಂತಿದ್ದ ಜಾಗದಲ್ಲಿ ಮುಂಚೆ ರಾಗಿ ಬೆಳೆಯುತ್ತಿದ್ದ ಅಜ್ಜಿ. ಜಮೀನು ಹೋಗಿದ್ದರೂ ಕಾಂಪೌಂಡಿನ ಆಚೆ ಮನೆ, ಕೊಟ್ಟಿಗೆ, ನಾಲ್ಕು ಎಮ್ಮೆ ಇನ್ನೂ ಇದ್ದವು. ಪರೀಕ್ಷೆಗೆ ಬೇಕಾದ ನೂರು ಸೊಳ್ಳೆ ಅಷ್ಟು ಹತ್ತಿರದಲ್ಲಿ ಸಿಗುತ್ತಿದ್ದದ್ದು ಆ ಕೊಟ್ಟಿಗೆಯಲ್ಲೇ. ಗಾಜಿನ ಕೊಳವೆಯಿಂದ ಸೊಳ್ಳೆಗಳನ್ನು ಉಸಿರಿನಿಂದ ಮೆಲ್ಲಗೆ ಎಳೆದುಕೊಂಡು, ಉಪ್ಪಿನಕಾಯಿ ಬಾಟಲಿಗೆ ಊದಿ, ಅದರ ಬಾಯಿಗೆ ತೆಳು ಬಟ್ಟೆ ಕಟ್ಟಬೇಕು. ನಾನೂ ಅಕ್ಕನೂ ಹೋದಾಗ ಅಜ್ಜಿ ಬಾಗಿಲಲ್ಲೇ ನಿಂತರು.

"ಜಮೀನ್ ತಗಂಡ್ರಿ. ಈಗ ಸೊಳ್ಳೆನೂ ತಗತೀರಾ?"

"ಸರ್ಕಾರಕ್ಕೆ ಬೇಕು ಅಜ್ಜಿ."

"ಅವತ್ತೂ ಅಂಗೇ ಅಂದ್ರಿ."

ಕೊನೆಗೆ ಒಪ್ಪಂದವಾಯಿತು. ಸೊಳ್ಳೆಗೆ ಬದಲು ವಿಮಾನದಲ್ಲಿ ಒಂದು ಸೀಟು, ಕಿಟಕಿ ಪಕ್ಕ. ಅದು ಎಲ್ಲಿಗೂ ಹೋಗುವುದಿಲ್ಲ ಎಂದು ನಾನು ಎರಡು ಸಲ ಹೇಳಿದೆ. ಹೇಳಿದೆ ಅಂದುಕೊಂಡಿದ್ದೇನೆ.

ಪರೀಕ್ಷೆಗೆ ಗೊತ್ತಾದ ದಿನ ಶುಕ್ರವಾರ. ಗುರುವಾರ ಸಂಜೆ ಡ್ರೈವರ್ ನನ್ನ ಹಲಗೆಯ ಹತ್ತಿರ ಬಂದು ತಲೆ ಕೆರೆದುಕೊಂಡರು.

"ಮೇಡಂ, ಒಂದೇ ಡೌಟು. ವಿಮಾನಕ್ಕೆ ಶುಕ್ರವಾರ ಪೂಜೆ ಮಾಡ್ತಾರಾ?"

ನಾನು ಸೊಳ್ಳೆ ಲೆಕ್ಕ ಹಾಕುತ್ತಿದ್ದೆ. "ಮಾಡ್ದೇ ಇರ್ತಾರಾ? ಎಲ್ಲಾ ಗಾಡಿಗೂ ಮಾಡ್ತಾರೆ."

"ಯಾರು ಮಾಡೋದು?"

"ಪೈಲಟ್ಟೇ ಮಾಡ್ಬೇಕು. ಇನ್ಯಾರು ಮಾಡ್ತಾರೆ?"

"ಅದೇ ಅಂದ್ಕೊಂಡೆ," ಎಂದು ಅವರು ಸಂತೋಷದಿಂದ ಹೋದರು.

ಮರುದಿನ ಬೆಳಿಗ್ಗೆ ಆರೋಗ್ಯ ಇಲಾಖೆಯ ಅಧಿಕಾರಿ ಬಂದರು. ಸಣ್ಣ ಆಕಾರ, ದೊಡ್ಡ ಕೊಡೆ, ಕಂಕುಳಲ್ಲಿ ಫಾರಂ ಕಟ್ಟು. ಅವರು ಪಳಗಿದ್ದದ್ದು ಸೊಳ್ಳೆಯಲ್ಲಿ. ಬಸ್ಸಿನ ಮುಂದೆ ನಮ್ಮ ಪ್ರಯಾಣಿಕರು ಸಾಲಾಗಿ ನಿಂತಿದ್ದರು. ಯಾರೂ ಹೇಳಿರದಿದ್ದರೂ ಎಲ್ಲರೂ ಮದುವೆಗೆ ಹೊರಟಂತೆ ಬಟ್ಟೆ ಹಾಕಿಕೊಂಡಿದ್ದರು, ಕೆಲವರ ಕೈಯಲ್ಲಿ ಟ್ರಂಕೂ ಇತ್ತು. ಅಜ್ಜಿ ರೇಷ್ಮೆ ಸೀರೆ ಉಟ್ಟು ಚಕ್ಕುಲಿ ಡಬ್ಬ ಹಿಡಿದಿದ್ದರು.

"ಎಲ್ಲಿಗೆ ಹೋಗ್ತಿದೀರಾ?" ಅಂದರು ಅಧಿಕಾರಿ, ನಗುತ್ತಾ.

"ಅದ್ನ ನೀವ್ ಏಳ್ಬೇಕು," ಅಂದರು ಅಜ್ಜಿ.

ಡ್ರೈವರ್ ಬಾಗಿಲು ತೆಗೆದರು. ಒಳಗಿನಿಂದ ದಟ್ಟ ಬಿಳಿ ಹೊಗೆ ಮೆಟ್ಟಿಲ ಮೇಲೆ ಇಳಿದು ಬಂತು. ಅಜ್ಜಿ ಚಕ್ಕುಲಿ ಡಬ್ಬ ಕೆಳಗಿಟ್ಟು ಕೈ ಮುಗಿದರು.

ಸಾಂಬ್ರಾಣಿ.

ಬೇರೆ ಶುಕ್ರವಾರಗಳಲ್ಲಿ ಅದು ಕಿಟಕಿಯಿಂದ ಹೋಗಿಬಿಡುತ್ತಿತ್ತು. ಈ ಶುಕ್ರವಾರ ಕಿಟಕಿಗಳಿಗೆ ನಾನು ಬ್ರೌನ್ ಪೇಪರ್ ಅಂಟಿಸಿದ್ದೆ. ಡ್ರೈವರ್ ಏಳೂವರೆಗೆ ಪೂಜೆ ಮುಗಿಸಿ, ಕೆಂಡದ ಮೇಲೆ ಎರಡು ಹಿಡಿ ಜಾಸ್ತಿಯೇ ಹಾಕಿ (ಅಧಿಕಾರಿ ಬರುವ ದಿನವಲ್ಲವೇ), ಬಾಗಿಲು ಮುಚ್ಚಿದ್ದರು. ಸೊಳ್ಳೆ ಬಾಟಲಿಗಳನ್ನು ಒಳ್ಳೆಯ ಜಾಗದಲ್ಲಿರಲಿ ಎಂದು ದೇವರ ಪಟದ ಕೆಳಗೆ, ಧೂಪದ ಪಕ್ಕದಲ್ಲೇ ಇಟ್ಟಿದ್ದರು. ಬಾಟಲಿಗಳಿಗೂ ಕುಂಕುಮವಿತ್ತು.

ಕೆಮ್ಮುತ್ತಾ ಎಲ್ಲರೂ ಹತ್ತಿ ಕೂತರು. ಅಧಿಕಾರಿ ಒಂದು ಬಾಟಲಿಯ ಬಟ್ಟೆ ಬಿಚ್ಚಿ ಕಾದರು. ಏನೂ ಹೊರಗೆ ಬರಲಿಲ್ಲ. ತಟ್ಟಿದರು, ಅಲ್ಲಾಡಿಸಿದರು, ಟಾರ್ಚ್ ಬಿಟ್ಟು ನೋಡಿದರು. ಎರಡನೇ ಬಾಟಲಿ ಬಿಚ್ಚಿದರು, ಮೂರನೆಯದನ್ನೂ. ನೂರು ಸೊಳ್ಳೆಗಳೂ ಕಾಲು ಮೇಲೆ ಮಾಡಿ ಮಲಗಿದ್ದವು.

"ಸತ್ತಿವೆ," ಅಂದರು ಅಧಿಕಾರಿ.

"ನೋಡಿದ್ರಾ ಸಾರ್, ನಮ್ಮ ಮೂತಿ ಪವರ್ರು!" ಅಂದರು ಮಾಲೀಕರು, ಅಭ್ಯಾಸ ಬಲದಿಂದ.

"ಇನ್ನೂ ಹೊಡೆದೇ ಇಲ್ಲವಲ್ರೀ!"

ಬೀಡಿಯ ಸಾಲಿನಿಂದ ಒಂದು ಧ್ವನಿ ಬಂತು: "ಅಂಗಾದ್ರೆ ಡಬ್ಬಿಗೆ ಸಾಂಬ್ರಾಣಿನೇ ತುಂಬ್ಸಿ ಸಾರ್, ಇನ್ನೇನ್ ತೊಂದ್ರೆ?"

ಎಲ್ಲರೂ ನಕ್ಕರು. ಅಧಿಕಾರಿ ನಗಲಿಲ್ಲ. ಅವರಿಗೆ ಸಿಟ್ಟೂ ಬಂದಿರಲಿಲ್ಲ. "ಇಲ್ಲಿ ಹೊಗೆ ಹಾಕಿದ್ದು ಯಾರು? ಯಾಕೆ?" ಎಂದು ಮೆಲ್ಲಗೆ ಕೇಳಿದರು.

ಪರದೆ ಸರಿಸಿ ಡ್ರೈವರ್ ತಲೆ ಹೊರಗೆ ಹಾಕಿದರು. "ನಾನೇ ಸಾರ್. ವಿಮಾನದಲ್ಲೂ ಶುಕ್ರವಾರ ಪೈಲಟ್ಟೇ ಹಾಕೋದಂತೆ. ಮೇಡಂ ಹೇಳಿದ್ರು. ಹತ್ತಿ ಬಂದವ್ರೆ, ಬಾಂಬೆಗೆ."

ಇಡೀ ವಿಮಾನ ನನ್ನ ಕಡೆ ತಿರುಗಿತು. ಈಗ ಸಿಕ್ಕಿಬಿದ್ದೆ ಅಂದುಕೊಂಡೆ. ಅಧಿಕಾರಿಯ ಮುಖದಲ್ಲಿ ಮಾತ್ರ ಶುದ್ಧ ಕುತೂಹಲವಿತ್ತು.

"ಹೌದಾ? ನಾನು ಹತ್ತಿಲ್ಲ ನೋಡಿ. ಇದು ಬಹಳ ಮುಖ್ಯವಾದ ವಿಷಯ," ಎನ್ನುತ್ತಾ ಅವರು ಫಾರಂ ತಿರುವಿ ಒಂದು ಕಾಲಂ ಹುಡುಕಿದರು. ವಿಮಾನದ ಒಳಗೆ ಸಾಮಾನ್ಯವಾಗಿ ಇರುವ ಇತರ ಹೊಗೆ, ಸುಗಂಧ ಇತ್ಯಾದಿ ಎಂದು ಅದರ ತಲೆಯ ಮೇಲೆ ಅಚ್ಚಾಗಿತ್ತು. ಅಲ್ಲಿಯವರೆಗೂ ಆ ಕಾಲಮ್ಮಿನಲ್ಲಿ ಬರೆಯಲು ಅವರಿಗೆ ಏನೂ ಸಿಕ್ಕಿರಲಿಲ್ಲವೆಂದು ಕಾಣುತ್ತದೆ. ಪೆನ್ನಿನ ಮುಚ್ಚಳ ತೆಗೆದರು. "ಪ್ರತಿ ಶುಕ್ರವಾರ ಮಾತ್ರವೇ, ಅಥವಾ ಅಮಾವಾಸ್ಯೆಗೂ ಉಂಟೇ?"

ನಾನು ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಮಾಲೀಕರು ನನ್ನನ್ನೇ ನೋಡುತ್ತಿದ್ದರು, ಹೆಮ್ಮೆಯಿಂದ. ಪ್ರೊಬೇಷನ್ ಮುಗಿಯಲು ಹತ್ತೊಂಬತ್ತು ದಿನವಿತ್ತು. ಆದರೆ ಆ ಫಾರಂ ದೆಹಲಿಗೆ ಹೋಗುತ್ತದೆ. ಅಲ್ಲಿ ಯಾರೋ ಅದಕ್ಕೊಂದು ನಂಬರು ಕೊಡುತ್ತಾರೆ. ಎಲ್ಲೋ ಒಂದು ನಿಲ್ದಾಣದಲ್ಲಿ, ಹದಿನಾಲ್ಕು ಗಂಟೆ ಹಾರಿ ಬಂದ ಪೈಲಟ್ಟನ್ನು ಬಾಗಿಲಲ್ಲೇ ನಿಲ್ಲಿಸಿ, ಡಬ್ಬಿ ಸರಿ, ಸಾಂಬ್ರಾಣಿ ಎಲ್ಲಿ ಎಂದು ಕೇಳುತ್ತಾರೆ. ಆ ಪೈಲಟ್ಟಿನ ಮುಖ ನನಗೆ ಸ್ಪಷ್ಟವಾಗಿ ಕಂಡಿತು. ಅಧಿಕಾರಿ ಒಂದಕ್ಷರ ಬರೆದೇಬಿಟ್ಟರು.

"ಬರೀಬೇಡಿ ಸಾರ್. ನಾನು ವಿಮಾನ ಹತ್ತಿಲ್ಲ."

ಇದನ್ನು ಗಟ್ಟಿಯಾಗಿ ಹೇಳಿದೆನೋ, ಪಿಸುಗುಟ್ಟಿದೆನೋ ಗೊತ್ತಿಲ್ಲ. ಎಲ್ಲರಿಗೂ ಕೇಳಿಸಿತು ಎಂಬುದು ಮಾತ್ರ ಗೊತ್ತು, ಏಕೆಂದರೆ ಅಕ್ಕ ಎರಡೂ ಡಬ್ಬಿ ಕೆಳಗಿಳಿಸಿದಳು.

ಮಾಲೀಕರು ಎದ್ದು ಬಂದು ನನ್ನೆದುರು ನಿಂತರು. ಗೇಟು ತೋರಿಸುತ್ತಾರೆಂದು ಕಾದೆ. ಅವರು ತೋರಿಸಿದ್ದು ಸೀಟು.

"ಈ ಮೂರು-ಎರಡು?"

"ಊಹೆ ಸಾರ್."

"ಮೊಟ್ಟೆ ಕಿಟಕಿ?"

"ಕ್ಯಾಲೆಂಡರಲ್ಲಿ ನೋಡಿದ್ದೆ."

"ಪರದೆ?"

"ಅದೂ ಊಹೆ."

"ನಾನು ಎಂಟು ದಿನದಿಂದ ಇದರ ಹಿಂದೆ ಕೂತಿದೀನಿ ಕಣಮ್ಮಾ!" ಎಂದು ಡ್ರೈವರ್ ಪರದೆಯನ್ನೇ ಕಿತ್ತು ಹಾಕಿದರು.

ಆದರೆ ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ಅಜ್ಜಿಗೆ. "ಅಂಗಾದ್ರೆ ಇದು ಇಮಾನ ಅಲ್ವಾ? ಬಸ್ಸಾ? ನನ್ ನೂರು ಸೊಳ್ಳೆ ಸುಮ್ಕೆ ಸಾಯಿಸ್ಬುಟ್ರಾ?" ಎಂದು ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದುಕೊಂಡರು. "ನಾ ಇಳಿಯಾಕಿಲ್ಲ. ಎಲ್ಲಿಗಾರ ಕರ್ಕೊಂಡೋಗಿ."

ಮಾಲೀಕರು ಸಮಾಧಾನ ಮಾಡಿದರು, ಅಕ್ಕ ಮಾಡಿದಳು, ಅಧಿಕಾರಿ ಆರೋಗ್ಯ ಇಲಾಖೆಯ ಪರವಾಗಿ ಮಾಡಿದರು. ಅಜ್ಜಿ ಚಕ್ಕುಲಿ ಡಬ್ಬದ ಮುಚ್ಚಳ ತೆಗೆದು ತಿನ್ನತೊಡಗಿದರು. ಅಧಿಕಾರಿ ಹೇಗೂ ಚಿಕ್ಕಬಾಣಾವರದಲ್ಲಿ ರೈಲು ಹಿಡಿಯಬೇಕಿತ್ತು. ಕೊನೆಗೆ ಮಾಲೀಕರು ಡ್ರೈವರಿಗೆ ಹೊರಡು ಅಂದರು.

ಹಾಗೆ ನಮ್ಮ ವಿಮಾನ ಹೊರಟಿತು. ಕಿಟಕಿಗೆಲ್ಲ ಪೇಪರ್ ಇದ್ದುದರಿಂದ ಎಲ್ಲಿದ್ದೇವೆಂದು ಮೊದಲ ಸಾಲಿನವರನ್ನು ಬಿಟ್ಟು ಯಾರಿಗೂ ಕಾಣುತ್ತಿರಲಿಲ್ಲ. ಅಧಿಕಾರಿ ಕೊಡೆ ಹಿಡಿದು ಮೊದಲ ಸಾಲಿನಲ್ಲಿ ಕೂತಿದ್ದರು, ಸತ್ತ ಸೊಳ್ಳೆಗಳು ಅವರ ತೊಡೆಯ ಮೇಲೆ. ಮಾಲೀಕರು ನನ್ನ ಪಕ್ಕದಲ್ಲೇ ಕೂತಿದ್ದರು. ರಸ್ತೆಯಿಲ್ಲದ ಕಡೆ ಬಸ್ಸು ಒಂದು ಹಳ್ಳಕ್ಕೆ ಇಳಿದು ಎದ್ದಾಗ ಟ್ರಂಕುಗಳು ಹಾರಿದವು. ಅಜ್ಜಿ ಹಿಂದಿನಿಂದ ಕೂಗಿದರು:

"ಏನವ್ವಾ, ಇಮಾನದಾಗೂ ಇಂಗೇ ಕುಲುಕ್ತದಾ?"

ಎಲ್ಲರೂ ಕಾದರು. ಮಾಲೀಕರೂ ಸ್ವಲ್ಪ ತಿರುಗಿದರು. ಹೌದು ಎಂಬ ಮಾತು ನಾಲಗೆಯ ಮೇಲೆ ಬಂದಿತ್ತು. ಮೋಡದಲ್ಲಿ ಇದಕ್ಕಿಂತ ಜಾಸ್ತಿ ಎಂಬ ಮಾತೂ ಅದರ ಹಿಂದೆಯೇ ಸಾಲು ನಿಂತಿತ್ತು.

"ನಂಗೊತ್ತಿಲ್ಲ ಅಜ್ಜಿ," ಅಂದೆ.

"ಇವ್ಳ್ಗೆ ಏನೂ ಗೊತ್ತಿಲ್ಲ," ಎಂದು ಅಜ್ಜಿ ಪಕ್ಕದವರಿಗೆ ಚಕ್ಕುಲಿ ಕೊಟ್ಟರು.

ರೈಲ್ವೆ ಸ್ಟೇಷನ್ ಬಂತು. ಅಧಿಕಾರಿ ಇಳಿಯುವ ಮುಂಚೆ ಮುಂದಿನ ಮಂಗಳವಾರ ಎಂದು ಬರೆದುಕೊಂಡರು. ಮಂಗಳವಾರ ಯಾರೂ ಏನೂ ಹಚ್ಚುವುದಿಲ್ಲವಷ್ಟೇ ಎಂದು ಮೂರು ಸಲ ಕೇಳಿದರು. ಆಮೇಲೆ ಮಾಲೀಕರು ನನ್ನ ಕಡೆ ತಿರುಗಿದರು.

"ಮಂಗಳವಾರದೊಳಗೆ ಇನ್ನೂ ನೂರು ಸೊಳ್ಳೆ. ನೀನೊಬ್ಬಳೇ ಹಿಡೀಬೇಕು. ಪ್ರೊಬೇಷನ್ ಇನ್ನಾರು ತಿಂಗಳು."

ಇದಾದ ಮೇಲೆ ಅವರು ನಕ್ಕರು ಎಂದು ಕೆಲವರಿಗೆ ಹೇಳಿದ್ದೇನೆ. ನಕ್ಕಿರಲಿಕ್ಕಿಲ್ಲ. ಮಂಗಳವಾರ ಸೊಳ್ಳೆಗಳು ಸರಿಯಾದ ಸಮಯಕ್ಕೆ ಸತ್ತವು, ಮೂತಿ ಪಾಸಾಯಿತು. ಆ ಹೊತ್ತಿಗೆ ಆದೇಶವೇ ಬದಲಾಗಿ, ಕಂಪನಿಗಳು ಹೊರದೇಶದ ಡಬ್ಬಿಗಳನ್ನೇ ತರಿಸಿಕೊಂಡವು. ನಾವು ಮತ್ತೆ ತೋಟದ ಪಂಪಿಗೆ ಮರಳಿದೆವು.

ಮನೆಯಲ್ಲಿ ಬೇರೆ ತೊಂದರೆಯಾಯಿತು. "ಖಾಯಂ ಆಯ್ತಾ?" ಅಂದರು ಅಪ್ಪ. ಇಲ್ಲ ಅಂದೆ. "ತೆಗೆದ್ರಾ?" ಇಲ್ಲ ಅಂದೆ. ನಮ್ಮ ಒಪ್ಪಂದದಲ್ಲಿ ಈ ಮೂರನೆಯದು ಇರಲಿಲ್ಲ. ಗಂಡಿನ ಕಡೆಯವರು ಉತ್ತರಕ್ಕೆ ಕಾಯುತ್ತಿದ್ದರು. ಅಪ್ಪ ಪೋಸ್ಟ್‌ಕಾರ್ಡು ತೆಗೆದುಕೊಂಡು ಕೂತು, ಆರು ತಿಂಗಳು ತಡ ಎಂದು ಬರೆದು, ಕಾರಣ ಏನೆಂದು ಬರೆಯಲಿ ಎಂದು ಕೇಳಿದರು. ಇನ್ನು ಸುಳ್ಳು ಹೇಳುವ ಶಕ್ತಿ ನನ್ನಲ್ಲಿರಲಿಲ್ಲ. ಕಾಫಿಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ.

ಅಪ್ಪ ಮಧ್ಯೆ ಒಂದು ಸಲವೂ ತಡೆಯಲಿಲ್ಲ. ಬರೆಯುತ್ತಾ ಹೋದರು. ಪರದೆ, ಆರತಿ, ಕುಂಕುಮ ಹಚ್ಚಿದ ಬಾಟಲಿ, ಅಮಾವಾಸ್ಯೆಯ ಪ್ರಶ್ನೆ, ಎಲ್ಲ ಹೋಯಿತು. ಜಾಗ ಸಾಲದೆ ಅಂಚಿನ ಸುತ್ತ ಬರೆದರು, ಅದೂ ಸಾಲದೆ ವಿಳಾಸದ ಮೇಲುಗಡೆ ಸಣ್ಣ ಅಕ್ಷರದಲ್ಲಿ, ಸೊಳ್ಳೆ ಒಟ್ಟು ಇನ್ನೂರು ಎಂದು ಸೇರಿಸಿದರು. ನಾನೇ ಹೋಗಿ ಅಂಚೆ ಡಬ್ಬಕ್ಕೆ ಹಾಕಿ ಬಂದೆ.

ಅದು ಗಂಡಿನ ಕಡೆಯವರಿಗೆ ತಲುಪಿತಂತೆ. ಉತ್ತರ ಬರಲಿಲ್ಲ.